ಮಾತು ತಲುಪದ ದಿನ



2005ನೆಯ ಇಸವಿಯ ಜುಲೈ 26ನ್ನು ಪವಾಯಿಯ ನಾವು ಮರೆಯುವಂತಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ನಮ್ಮ ಪವಾಯಿ, ವಿಹಾರ ಕೆರೆಗಳ ಕೋಡಿಯ ನೀರಿನಿಂದ ಹುಟ್ಟುವ ಮೀಠಿ ನದಿ ದಡ ಮೀರಿ ಹರಿಯಿತು. ರೈಲು ನಿಂತಿತು, ದೀಪ ಆರಿತು, ದೂರವಾಣಿ, ಮೊಬೈಲುಗಳೂ ಬಹುಕಡೆ ಮೂಕವಾದವು. ಕೆಲಸಕ್ಕೆ ಹೋದವರು ಎಲ್ಲಿರುವರೋ ಮನೆಯವರಿಗೆ ತಿಳಿಯದು. ಸುದ್ದಿ ಕೇಳಿದ ಊರಿನ ಹಿರಿಯರಿಗೆ ಅನ್ನ ಇಳಿಯದು. ಆಗ ನಾವೆಲ್ಲ ಮಾಡಿದ್ದೇನು? ಒಂದೇ ಸಮನೆ ನಂಬರು ಒತ್ತಿದೆವು. ಅಳಿದುಳಿದ ದಾರಿಯೂ ಅದರಿಂದ ಕಿಕ್ಕಿರಿಯದೆ ಇದ್ದೀತೇ?

ಯಂತ್ರಗಳಿಗೂ ಆತುರದ ಈ ಪೆಟ್ಟು ಬಿದ್ದದ್ದುಂಟು. ಕಂಪ್ಯೂಟರ್ ಜಾಲದಲ್ಲಿ ಸಂದೇಶವು ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಮುಟ್ಟಿತೆಂದು ಆ ಕಡೆಯಿಂದ ರಸೀದಿ ಬರಬೇಕು. ಬಾರದಿದ್ದರೆ ಮತ್ತೆ ಕಳುಹಿಸಲಾಗುತ್ತದೆ. 1986ರ ಅಕ್ಟೋಬರಿನಲ್ಲಿ ಅಮೆರಿಕೆಯ ಬರ್ಕ್‌ಲಿಯಲ್ಲಿ, ಕೇವಲ 400 ಗಜ ದೂರದ ಎರಡು ಸಂಸ್ಥೆಗಳ ನಡುವೆ, ಹೀಗೆ ಮತ್ತೆ ಮತ್ತೆ ಕಳುಹಿಸಿ ಜಾಲವೇ ಕಟ್ಟಿಕೊಂಡಿತು. ಸೆಕೆಂಡಿಗೆ 32,000 ಬಿಟ್ ಇದ್ದ ವೇಗ 40ಕ್ಕೆ ಇಳಿಯಿತು. ವ್ಯಾನ್ ಜೇಕಬ್‌ಸನ್ ಎಂಬವರು 1988ರಲ್ಲಿ ಇದಕ್ಕೆ ಮದ್ದನ್ನು ಪ್ರಕಟಿಸಿದರು: ಉತ್ತರ ಬಾರದಿದ್ದರೆ ಕಾಯಬೇಕು, ಆಗಲೂ ಬಾರದಿದ್ದರೆ ಇಮ್ಮಡಿ ಹೊತ್ತು ಕಾಯಬೇಕು, ದಾರಿ ತೆರೆದಾಗ ಮೊದಲು ಸ್ವಲ್ಪವೇ ಕಳುಹಿಸಿ, ತಲುಪಿದಂತೆಲ್ಲ ಹೆಚ್ಚಿಸಬೇಕು.

ಎರಡನೆಯ ಉಪಾಯ ಬದಲಿ ದಾರಿ. 2008ರ ಜನವರಿ 30ರಂದು ಈಜಿಪ್ಟಿನ ಅಲೆಗ್ಸಾಂಡ್ರಿಯಾದ ಬಳಿ ಸಮುದ್ರದೊಳಗಿನ ಎರಡು ಕೇಬಲ್ಲುಗಳು ತುಂಡಾದಾಗ ನಮ್ಮ ದೇಶದ ಅಂತರ್ಜಾಲ ಕುಂಟಿತು, ಆದರೆ ನಿಲ್ಲಲಿಲ್ಲ. ಸಂದೇಶಗಳನ್ನು ಪೂರ್ವದ ಪೆಸಿಫಿಕ್ ದಾರಿಗೆ ತಿರುಗಿಸಿದರು.

ಈ ಎರಡು ಬುದ್ಧಿಗಳನ್ನು ನಮ್ಮ ಮನೆಗಳಿಗೂ ತರೋಣ. ಊರಿನ ಒಬ್ಬ ಬಂಧುವಿನ ಮನೆಯನ್ನು ಸುದ್ದಿ ಕೂಡುವ ಠಾವೆಂದು ಮೊದಲೇ ಗೊತ್ತುಮಾಡೋಣ. ಮಳೆಯಲ್ಲಿ ಸಿಕ್ಕಿಬಿದ್ದ ಮಗ ಅಲ್ಲಿಗೆ ತಿಳಿಸಲಿ. ಇಲ್ಲಿನ ತಾಯಿಯೂ ಅಲ್ಲಿಯೇ ಕೇಳಲಿ. ದೀರ್ಘ ಮಾತು ಬೇಡ. ‘ಕ್ಷೇಮ’ ಎಂದು ಬರೆದು ಕಳುಹಿಸಿದರೆ ಸಾಕು, ಮಾತು ಹೋಗದ ಕಡೆಯೂ ಅದು ನುಸುಳೀತು. ಸಿಕ್ಕಿದವರು ‘ಮುಟ್ಟಿತು’ ಎನ್ನಲಿ. ನಂಬರುಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸೋಣ. ಬ್ಯಾಟರಿ ಮುಗಿದ ಮೊಬೈಲು ಯಾರ ನಂಬರನ್ನೂ ಹೇಳದು.

ಹಿಂದೆ ನಮ್ಮ ಹಿರಿಯರು ಮುಂಬಯಿಗೆ ಬಂದಿಳಿದೊಡನೆ ಊರಿಗೆ ಒಂದು ಕಾರ್ಡು ಬರೆದು, ಉತ್ತರಕ್ಕಾಗಿ ದಿನಗಟ್ಟಲೆ ಕಾಯುತ್ತಿದ್ದರು. ಆ ತಾಳ್ಮೆ ನಮಗೂ ಬರಲಿ. ಈ ರಾಜ್ಯೋತ್ಸವದ ದಿನ ಮನೆಗೆ ಹೋದೊಡನೆ ಆ ನಂಬರುಗಳನ್ನು ಬರೆದಿಡಬೇಕೆಂದು ಎಲ್ಲರಲ್ಲಿ ವಿನಂತಿಸುತ್ತೇವೆ.