ಇಲ್ಲದ ದಾಖಲೆಯನ್ನು ಕೇಳಿ ನೋಡುವ ಪರೀಕ್ಷೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಕೈಬರಹದ ತೆರಿಗೆ ವಹಿಯಲ್ಲಿ ಮನೆಯೊಂದರ ಸಂಖ್ಯೆ ಸಿಗದಿದ್ದರೆ ಬಿಲ್ ಕಲೆಕ್ಟರ್ ಹಳೆಯ ವಹಿಯನ್ನು ತೆಗೆಯುತ್ತಿದ್ದರು. ನೆರೆಮನೆಯ ಸಂಖ್ಯೆಯಿಂದಲಾದರೂ ಹುಡುಕುತ್ತಿದ್ದರು. ಇಂದು ಆ ಪ್ರಶ್ನೆಗೆ ಕಂಪ್ಯೂಟರ್ ತಂತ್ರಾಂಶವು ಕ್ಷಣಮಾತ್ರದಲ್ಲಿ ಉತ್ತರಿಸುತ್ತದೆ. ಹೊಸ ತಂತ್ರಾಂಶ ಬಂದಾಗ ಇರುವ ದಾಖಲೆಯನ್ನು ತೆರೆದು ನೋಡಿ ಸಮಾಧಾನಪಡುವುದು ವಾಡಿಕೆ. ಇಲ್ಲದ ದಾಖಲೆಯನ್ನು ಕೇಳಿ ನೋಡುವವರು ವಿರಳ.

ಕೇಳಿದ ದಾಖಲೆ ಇಲ್ಲದಿದ್ದರೆ ಸರ್ವರ್ 404 ಎಂಬ ಸಂಕೇತವನ್ನು ಕಳುಹಿಸಬೇಕು. ಸರ್ವರೇ ಮುಗ್ಗರಿಸಿದರೆ ಬರುವ ಸಂಕೇತ 500. ಇವೆರಡೂ ನಾಗರಿಕರಿಗೆ ಬೇಸರ ತಂದರೂ ಸುಳ್ಳು ಹೇಳುವುದಿಲ್ಲ. ಅಪಾಯವಿರುವುದು 200, ಅಂದರೆ ‘ಎಲ್ಲವೂ ಸರಿಯಿದೆ’ ಎಂಬ ಸಂಕೇತದೊಡನೆ ‘ಬಾಕಿ ರೂ. 0’ ಎಂದು ತೋರಿಸುವ ಪುಟದಲ್ಲಿ. ಅದನ್ನು ಓದಿದ ಮನೆಯವರು ತೆರಿಗೆ ಪೂರ್ತಿ ಸಂದಾಯವಾಗಿದೆ ಎಂದೇ ಭಾವಿಸುತ್ತಾರೆ. ಬ್ಯಾಂಕ್ ಸಾಲಕ್ಕಾಗಿ ಸ್ವತ್ತಿನ ನಮೂನೆ ಕೋರಿ ಬಂದ ದಿನವಷ್ಟೇ ತಮ್ಮ ಸ್ವತ್ತು ದಾಖಲೆಯಲ್ಲೇ ಇಲ್ಲವೆಂಬುದು ಅವರಿಗೆ ತಿಳಿಯುತ್ತದೆ. ಅತ್ತ ಪಂಚಾಯತಿಯ ಬೇಡಿಕೆ ಪಟ್ಟಿಯಿಂದಲೂ ಆ ಮನೆ ಬಿಟ್ಟುಹೋಗಿರುತ್ತದೆ.

ಪರೀಕ್ಷೆ ಸರಳವಾದುದು. ಎಂದೂ ನೀಡದ ಸಂಖ್ಯೆಯನ್ನು ನಮೂದಿಸಬೇಕು. 45/2 ಎಂಬುದನ್ನು ಓರೆಗೆರೆ ಬಿಟ್ಟು 452 ಎಂದು ಬರೆದು ನೋಡಬೇಕು. ಆದರೆ ಹೆಚ್ಚು ಗಮನ ಬೇಡುವುದು ಅಣ್ಣತಮ್ಮಂದಿರ ವಿಭಾಗದ ನಂತರ ರದ್ದಾದ ಸಂಖ್ಯೆ. ಹಳೆಯ ರಸೀದಿಯನ್ನು ಹಿಡಿದು ಬಂದವರಿಗೆ ‘ದಾಖಲೆ ಇಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಆ ಸಂಖ್ಯೆಯ ಬದಲಿಗೆ ಬಂದ ಹೊಸ ಸಂಖ್ಯೆಗಳನ್ನೂ ಪರದೆ ತೋರಿಸಬೇಕು. ಅಳಿಸಿಹಾಕಿದ್ದಕ್ಕೂ ಎಂದೂ ಇಲ್ಲದ್ದಕ್ಕೂ ಇರುವ ಈ ವ್ಯತ್ಯಾಸವನ್ನು ಅನೇಕ ತಂತ್ರಾಂಶಗಳು ಮರೆಯುತ್ತವೆ.

ಇಂಟರ್‌ನೆಟ್ ಸಂಪರ್ಕವನ್ನು ಕಡಿದು ಒಮ್ಮೆ ಹುಡುಕಿಸುವುದೂ ಅಗತ್ಯ. ನೆಟ್‌ವರ್ಕ್ ನಿಲ್ಲುವುದು ಹಳ್ಳಿಗಳಿಗೆ ಹೊಸತಲ್ಲ. ಆಗ ‘ಸಂಪರ್ಕ ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ’ ಎಂಬ ಉತ್ತರ ಬರಬೇಕೇ ಹೊರತು ‘ದಾಖಲೆ ಇಲ್ಲ’ ಎಂಬುದಲ್ಲ. ಎರಡನೆಯ ಉತ್ತರವನ್ನು ಪಡೆದ ವೃದ್ಧೆಯೊಬ್ಬರು ಮನೆಗೆ ಮರಳಿದರೆ ಮತ್ತೆ ಬರುವ ಭರವಸೆ ಇರುವುದಿಲ್ಲ.

ಈ ಪರೀಕ್ಷೆಗಳನ್ನು ತಂತ್ರಾಂಶದ ತರಬೇತಿ ಪ್ರತಿಯಲ್ಲಿ ಮಾತ್ರ ನಡೆಸತಕ್ಕದ್ದು. ಪರೀಕ್ಷೆಯ ನೆಪದಲ್ಲಿ ಚಾಲ್ತಿಯಲ್ಲಿರುವ ಯಾವ ದಾಖಲೆಯನ್ನೂ ಅಳಿಸಬಾರದು. ನಮೂದಿಸಿದ ಸಂಖ್ಯೆ, ಸಮಯ ಮತ್ತು ಪರದೆಯ ಚಿತ್ರವನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಿಗೆ ಒಪ್ಪಿಸಿದರೆ, ದೋಷವನ್ನು ತಂತ್ರಾಂಶ ರೂಪಿಸಿದವರು ಅದೇ ರೀತಿಯಲ್ಲಿ ಮರುಕಳಿಸಿ ನೋಡಿ ಸರಿಪಡಿಸಲು ಸಾಧ್ಯವಾಗುತ್ತದೆ.