ಸಾಫ್ಟ್‌ವೇರ್ ಎಂದರೆ ಕೋಡಿಂಗ್ ಒಂದೇ ಅಲ್ಲ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ಬೆಳಿಗ್ಗೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ನನಗೆ ಲೆಕ್ಕ ಅಷ್ಟು ಬರಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಸಾಫ್ಟ್‌ವೇರ್ ನನಗೆ ಆಗಲ್ಲ ಅಲ್ವಾ?" ನನ್ನ ಇವತ್ತಿನ ಮಾತು ಅವಳಿಗೆ ಉತ್ತರ.

ನಮ್ಮ ತಂದೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ ಅದು. ಗಣಿ ಎಂದರೆ ಬಂಡೆ ಕೊರೆಯುವವರು ಮಾತ್ರ ನಮ್ಮ ಕಣ್ಣಿಗೆ ಬರುತ್ತಾರೆ. ಆದರೆ ಅಳತೆ ಮಾಡುವವರು, ಸುರಂಗಕ್ಕೆ ಆಸರೆ ಕೊಡುವವರು, ಕೇಜ್ ಇಳಿಸಿ ಏರಿಸುವವರು, ನೀರು ಎತ್ತುವವರು, ಅದಿರಿನಲ್ಲಿ ಚಿನ್ನ ಎಷ್ಟಿದೆ ಎಂದು ಪರೀಕ್ಷಿಸುವವರು ಎಲ್ಲರೂ ಬೇಕಿತ್ತು.

ಸಾಫ್ಟ್‌ವೇರ್ ಕೂಡ ಹಾಗೆಯೇ. ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವರು ಇಲ್ಲಿ ಎಷ್ಟೋ ಮಂದಿ ಇದ್ದೀರಿ. ಮೊಬೈಲಿನಲ್ಲಿ ಸೀಸನ್ ಟಿಕೆಟ್ ತೆಗೆಯುವ ಆಪ್ ಒಂದನ್ನು ಮಾಡಬೇಕು ಎಂದುಕೊಳ್ಳಿ. ಪ್ರಯಾಣಿಕರಿಗೆ ಏನು ಬೇಕೆಂದು ಕೇಳಿ ಬರೆದುಕೊಳ್ಳುವವರು ಬಿಸಿನೆಸ್ ಅನಲಿಸ್ಟ್. ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವವರು ಪ್ರಾಡಕ್ಟ್ ಮ್ಯಾನೇಜರ್. ಕನ್ನಡಕ ಮರೆತು ಬಂದ ಅಜ್ಜನಿಗೂ ಬಟನ್ ಕಾಣುವಂತೆ ಮಾಡುವವರು ಡಿಸೈನರ್. ಆಮೇಲೆ ಕೋಡ್ ಬರೆಯುವವರು. ಬರೆದದ್ದರಲ್ಲಿ ತಪ್ಪು ಹುಡುಕುವವರು ಟೆಸ್ಟರ್. ಹಬ್ಬದ ದಿನ ಎಲ್ಲರೂ ಒಟ್ಟಿಗೆ ಟಿಕೆಟ್ ತೆಗೆದರೂ ಸರ್ವರ್ ನಿಲ್ಲದಂತೆ ಕಾಯುವವರು, ದುಡ್ಡು ಕಟ್ ಆಗಿ ಟಿಕೆಟ್ ಬರದಿದ್ದರೆ ತಾಳ್ಮೆಯಿಂದ ಉತ್ತರ ಕೊಡುವವರು, ಕನ್ನಡದಲ್ಲಿ ಸರಿಯಾಗಿ ಬರೆದುಕೊಡುವವರೂ ಇರುತ್ತಾರೆ. ಕೊನೆಗೆ ಹಳೆಯ ಆಪ್ ನಿಲ್ಲಿಸಿ ಅದರ ಮಾಹಿತಿಯನ್ನು ಹೊಸದಕ್ಕೆ ಸಾಗಿಸುವುದೂ ಒಂದು ಉದ್ಯೋಗವೇ.

ನಾನು ಟೆಸ್ಟರ್. ಕೋಡಿಂಗ್ ಸಂದರ್ಶನದಲ್ಲಿ ಎರಡು ಸಲ ಫೇಲಾಗಿ, ವಾಪಸ್ಸು ಬರುವ ರೈಲಿನಲ್ಲಿ ಅತ್ತಿದ್ದೇನೆ. ಮೂರನೆಯ ಕಡೆ ಒಂದು ಫಾರಂ ತುಂಬಲು ಕೊಟ್ಟರು. ಅದರಲ್ಲಿದ್ದ ನಾಲ್ಕು ತಪ್ಪುಗಳನ್ನು ತೋರಿಸಿದೆ. ಕೆಲಸ ಸಿಕ್ಕಿತು. ತಪ್ಪು ಹುಡುಕುವ ಕಣ್ಣು ಕೊಟ್ಟವರು ಈ ಶಾಲೆಯ ಕನ್ನಡ ಮೇಷ್ಟ್ರು. ಕಾಗುಣಿತ ತಪ್ಪಿದರೆ ಹತ್ತು ಸಲ ಬರೆಸುತ್ತಿದ್ದರು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ನಾನು ಇಲ್ಲಿ ಒಂಬತ್ತನೇ ತರಗತಿ. ಅಪ್ಪನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಈಗ ಕೋಡನ್ನು ಯಂತ್ರವೇ ಬರೆಯತೊಡಗಿದೆ. ನಮ್ಮ ಕೆಲಸವೂ ಬದಲಾಗುತ್ತದೆ. ಒಂದನ್ನೇ ನೆಚ್ಚಿ ಕೂರಬೇಡಿ, ಪಕ್ಕದವರ ಕೆಲಸವನ್ನೂ ಕಲಿಯಿರಿ. ಲೆಕ್ಕ, ಇಂಗ್ಲಿಷ್ ಬೇಡವೆಂದಲ್ಲ, ಅವು ನಿಧಾನವಾಗಿ ಬರುತ್ತವೆ. ನನಗೂ ಹಾಗೆಯೇ ಬಂದವು.

ಬೆಳಿಗ್ಗೆ ಕೇಳಿದ ತಂಗೀ, ಇನ್ನೊಬ್ಬರ ತೊಂದರೆ ಏನೆಂದು ಕೇಳಿ ತಿಳಿದುಕೊಳ್ಳಲು ನಿನಗೆ ಬರುತ್ತದಲ್ಲವೇ? ಅಲ್ಲಿಂದ ಶುರು ಮಾಡು. ಸಭೆ ಮುಗಿದ ಮೇಲೆ ನನ್ನನ್ನು ಕಾಣು.