ಹಳೆಯ ಕಾರಿಗೆ ಮನೆಯಲ್ಲೇ ಮೆರುಗು

ನಾನು ಹೈಸ್ಕೂಲಿನ ಕನ್ನಡ ಪಂಡಿತ. ಸಮಾಸ ಬಿಡಿಸಬಲ್ಲೆ, ನಟ್ಟು ಬಿಡಿಸಬಲ್ಲೆನೆಂಬ ನಂಬಿಕೆ ಎರಡು ವರ್ಷದ ಹಿಂದಿನವರೆಗೆ ನನಗೂ ಇರಲಿಲ್ಲ, ನಮ್ಮ ಮನೆಯಾಕೆಗಂತೂ ಈಗಲೂ ಇಲ್ಲ. ಇಂಥವನು ಮೋಟಾರು ಕಾರಿನ ಮಾತೆತ್ತುವುದು ಅಧಿಕಪ್ರಸಂಗವೆಂದು ನೀವು ಭಾವಿಸಿದರೆ ತಪ್ಪಲ್ಲ. ಆದರೆ ಓದುಗರೇ, ಎಂಜಿನ್ನಿನ ಗೊಡವೆಗೆ ನಾನು ಹೋಗಿಲ್ಲ. ಅದನ್ನು ರಾಂಪುರದ ಮೆಕ್ಯಾನಿಕ್ಕೊಬ್ಬ ನೋಡಿಕೊಂಡ. ನಾನು ಕೈಹಾಕಿದ್ದು ಗಾಡಿಯ ಮೈಗೆ ಮಾತ್ರ, ಹೇಳಹೊರಟಿರುವುದೂ ಅಷ್ಟನ್ನೇ.

ಗಾಡಿ ನಮ್ಮ ಅಣ್ಣನದು. ಅವರು ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದವರು. 1986ರಲ್ಲಿ ಪ್ರೀಮಿಯರ್ ಪದ್ಮಿನಿಯೊಂದನ್ನು ಕೊಂಡು ದೇವಸಮುದ್ರಕ್ಕೆ ತಂದರು. ಅವರು ತೀರಿಕೊಂಡ ಮೇಲೆ ಅದು ಒಂಬತ್ತು ವರ್ಷ ಹಿತ್ತಿಲ ಬೇವಿನಮರದ ಕೆಳಗೆ ನಿಂತಿತು. ಕಾವ್ಯ ಓದಿದವರಿಗೆ ಪದ್ಮಿನಿಯೆಂದರೆ ಏನೇನು ನೆನಪಾಗುವುದೋ ನಾನು ಹೇಳಬೇಕಾಗಿಲ್ಲ. ನಮ್ಮ ಪದ್ಮಿನಿಯ ನೆತ್ತಿಯ ಮೇಲೆ ಕಾಗೆಯ ಹಿಕ್ಕೆ, ಹೊಟ್ಟೆಯೊಳಗೆ ಇಲಿಯ ಸಂಸಾರ. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿಹೋದ ದಿನ ಅತ್ತಿಗೆ ಬಾಗಿಲಲ್ಲೇ ನಿಂತು, "ಗುಜ್ರಿಗೆ ಹಾಕಬ್ಯಾಡಪ್ಪ. ಓಡಿಸೋಕಾದ್ರೆ ಓಡಿಸು, ಇಲ್ಲಾಂದ್ರೆ ಅಲ್ಲೇ ಇರ್ಲಿ" ಎಂದರು. ನನ್ನ ಉದ್ಯೋಗಪರ್ವ ಆರಂಭವಾದದ್ದು ಹೀಗೆ.

ಈ ಗಾಡಿಯ ವಂಶಾವಳಿಯನ್ನು ಒಂದು ಮಾತಿನಲ್ಲಿ ಮುಗಿಸುತ್ತೇನೆ. ಇದು ಇಟಲಿಯ ಫಿಯಟ್ 1100ರ ಮಗಳು. ಮುಂಬಯಿಯ ಕುರ್ಲಾದಲ್ಲಿ 1964ರಿಂದ ತಯಾರಾಗತೊಡಗಿತು. ಪದ್ಮಿನಿಯೆಂದು ನಾಮಕರಣವಾದದ್ದು ಸುಮಾರು ಹತ್ತು ವರ್ಷದ ಮೇಲೆ. 1089 ಸಿಸಿ ಎಂಜಿನ್ನು, ಸ್ಟಿಯರಿಂಗಿನ ಕೊರಳಿಗೇ ಅಂಟಿದ ಗೇರು. ಮುಂಬಯಿಯ ಕಪ್ಪು–ಹಳದಿ ಟ್ಯಾಕ್ಸಿಗಳಾಗಿ ದುಡಿದ ಈ ಗಾಡಿಗಳಲ್ಲಿ ಕೊನೆಯದು ಅಲ್ಲಿನ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ.

ನಮ್ಮ ಸೀಮೆಯ ಬರವನ್ನು ಹಳಿಯದವರಿಲ್ಲ. ಕಬ್ಬಿಣದ ಮಟ್ಟಿಗೆ ಮಾತ್ರ ಆ ಬರವೇ ವರ. ಇದೇ ಗಾಡಿ ಮಂಗಳೂರಿನ ಉಪ್ಪುಗಾಳಿಯಲ್ಲಿ ಒಂಬತ್ತು ವರ್ಷ ನಿಂತಿದ್ದರೆ ಅದರ ತಳ ಜರಡಿಯಾಗುತ್ತಿತ್ತು. ಇಲ್ಲಿ ತುಕ್ಕು ಹಿಡಿದದ್ದು ಎಲೆ ಕೊಳೆತು ನೀರು ನಿಂತ ಕಡೆ ಮಾತ್ರ: ಗಾಜಿನ ಕೆಳಗಿನ ಸಂದು, ಬಾಗಿಲಿನ ತಳ, ಡಿಕ್ಕಿಯ ಮೂಲೆ. ಕಬ್ಬಿಣವನ್ನು ಉಳಿಸಿದ ಬಿಸಿಲು ಉಳಿದುದನ್ನೆಲ್ಲ ತಿಂದಿತ್ತು. ರಬ್ಬರಿನ ಬೀಡಿಂಗು ಹಪ್ಪಳದಂತೆ ಮುರಿಯುತ್ತಿತ್ತು. ಬಣ್ಣ ಕೈಗೆ ಸುಣ್ಣದಂತೆ ಅಂಟುತ್ತಿತ್ತು.

ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಇಳಿಯುವವರಿದ್ದರೆ ಮೊದಲು ಬ್ಯಾಟರಿಯ ತಂತಿ ಬಿಡಿಸಿ. ಆಮೇಲೆ ಬಣ್ಣದ ಅಂಗಡಿಗೆ ಓಡಬೇಡಿ. ಒಂದು ಅಯಸ್ಕಾಂತ ತನ್ನಿ. ನಾನು ಶಾಲೆಯ ವಿಜ್ಞಾನದ ಮೇಷ್ಟರಿಂದ ಎರವಲು ತಂದೆ. ಅದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಗಾಡಿಯ ಮೈಮೇಲೆ ಗೇಣುಗೇಣಾಗಿ ಸರಿಸುತ್ತ ಹೋಗಬೇಕು. ಕಬ್ಬಿಣವಿದ್ದಲ್ಲಿ ಹಿಡಿಯುತ್ತದೆ, ಒಳಗೆ ದಪ್ಪನಾಗಿ ಪಟ್ಟಿ ಮೆತ್ತಿದ್ದಲ್ಲಿ ಕೈಬಿಡುತ್ತದೆ. ಎಡಗಡೆಯ ಹಿಂಬಾಗಿಲಿನ ಮೇಲೆ ನನ್ನ ಅಯಸ್ಕಾಂತ ಅಂಗೈಯಗಲ ಜಾಗದಲ್ಲಿ ಜಾರಿ ಬಿತ್ತು.

ಓಲೆಗರಿ ಓದುವವರಿಗೆ ಈ ಅನುಭವ ಹೊಸದಲ್ಲ. ಒಂದು ಕಡೆ ಛಂದಸ್ಸು ಎಡವಿತೆಂದರೆ ಅಲ್ಲಿ ಯಾರೋ ಲಿಪಿಕಾರ ಕೈಯಾಡಿಸಿದ್ದಾನೆಂದೇ ಅರ್ಥ. ನಾನು ನೀರು ಮುಟ್ಟಿಸಿ, ಸೋಪು ಹಚ್ಚಿ, ವಾಟರ್ ಪೇಪರಿನಿಂದ ಮೆಲ್ಲಗೆ ಉಜ್ಜತೊಡಗಿದೆ. ಈ ಕಾಗದದ ಲೆಕ್ಕ ಉಲ್ಟಾ. ನಂಬರು ಹೆಚ್ಚಿದಷ್ಟೂ ನಯ. 80ರದು ಗರಗಸ, 400ರದು ಬೆಕ್ಕಿನ ನಾಲಗೆ, 2000ದ್ದು ರೇಷ್ಮೆ. ಅವಸರದಲ್ಲಿ 80ರಿಂದ ನೇರವಾಗಿ 400ಕ್ಕೆ ಹಾರಿದವನು ನಾನು. ಆ ಗೀರುಗಳು ಮೂರು ಪದರ ಬಣ್ಣದ ಮೇಲೂ ತೋರಿಬಂದು ನನ್ನನ್ನು ಅಣಕಿಸಿದವು. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಒಣದಾಗಿ ಉಜ್ಜಿ ಅದರ ಧೂಳು ಕುಡಿಯಬೇಡಿ, ಮೂಗಿಗೆ ಮುಸುಕು ಕಟ್ಟಿ.

ಕೆನೆಬಣ್ಣ ಕರಗಿತು. ಅದರ ಕೆಳಗೆ ಬಂದದ್ದು ತಿಳಿನೀಲಿ. ನಮಗೆ ನೆನಪಿರುವುದು ಕೆನೆಬಣ್ಣದ ಗಾಡಿ. ನೀಲಿ ಎಲ್ಲಿಂದ ಬಂತು? ಪೆಟ್ಟಿಗೆಯಿಂದ ನೋಂದಣಿ ಪತ್ರ ತೆಗೆದು ನೋಡಿದರೆ ಅಲ್ಲೂ ನೀಲಿಯೆಂದೇ ಇದೆ! ಪಟ್ಟಿ ಕೆತ್ತಿದಾಗ ಒಳಗೊಂದು ಡೊಂಕು ಕಂಡಿತು, ಒನಕೆಯ ತುದಿಯಿಂದ ಗುದ್ದಿದಂತೆ.

ಅತ್ತಿಗೆಯನ್ನು ಕರೆದು ತೋರಿಸಿದೆ. ಅವರು ಬಗ್ಗಿ ಆ ಗುಳಿಯೊಳಗೆ ಬೆರಳಿಟ್ಟು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ನಕ್ಕರು. "ನೀಲಿ ಗಾಡ್ಯಾಗ ಹೋದೆ, ಬಿಳೀ ಗಾಡ್ಯಾಗ ಬಂದೆ" ಎಂದರು. 1991ರಲ್ಲಿ, ದಿನ ತುಂಬಿದ ಅವರನ್ನು ಅಣ್ಣ ನಡುರಾತ್ರಿ ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ, ಕತ್ತಲಲ್ಲಿ ರಸ್ತೆಯಂಚಿಗೆ ಬಿಟ್ಟಿದ್ದ ಎತ್ತಿನಗಾಡಿಯ ಮೂಕಿ ಬಾಗಿಲಿಗೆ ಬಡಿದಿತ್ತು. ಬೆಳಗಾಗುವ ಮೊದಲು ಗಂಡುಮಗು ಹುಟ್ಟಿತು. ಬಾಣಂತನ ಬಳ್ಳಾರಿಯ ತವರಿನಲ್ಲಿ. ಐದು ತಿಂಗಳಿಗೆ ಅಣ್ಣ ಕರೆತರಲು ಹೋದಾಗ ಗಾಡಿ ಕೆನೆಬಣ್ಣದ್ದಾಗಿತ್ತು. ನಮ್ಮ ತಂದೆಗೆ ಕಾರು ಕೊಂಡದ್ದೇ ಸೇರಿರಲಿಲ್ಲ. ಅವರ ಕಣ್ಣಿಗೆ ಡೊಂಕು ಬೀಳದಿರಲೆಂದು ಪಟ್ಟಿ ಮೆತ್ತಿಸಿ, ಮಗ ಹುಟ್ಟಿದ ಸಂತೋಷಕ್ಕೆ ಹೊಸ ಬಣ್ಣವೆಂದು ಹೇಳಿದ್ದರಂತೆ. ಆಗ ಮೈಸೂರಿನಲ್ಲಿ ಓದುತ್ತಿದ್ದ ನಾನೂ ಅದನ್ನೇ ನಂಬಿದ್ದೆ. ಅತ್ತಿಗೆ ಮೂವತ್ತು ವರ್ಷಕ್ಕೂ ಮಿಕ್ಕಿ ಈ ಮಾತನ್ನು ಯಾರೊಡನೆಯೂ ಆಡಿರಲಿಲ್ಲ.

ಅಂದು ಹುಟ್ಟಿದ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ಗಾಡಿ ಹೇಗೆ ಅಲಂಕಾರವಾಗಬೇಕೆಂಬ ವಿಷಯದಲ್ಲಿ ಅವನಿಗೂ ನನಗೂ ಫೋನಿನಲ್ಲಿ ಯುದ್ಧವೇ ನಡೆದಿತ್ತು. ಅವನಿಗೆ ಹೊಳಪಿಲ್ಲದ ಕಡುಗಪ್ಪು ಬಣ್ಣ ಬೇಕು, ಅಗಲ ಚಕ್ರ ಬೇಕು, ಕಪ್ಪು ರೆಕ್ಸಿನ್ನಿನ ಸೀಟು ಬೇಕು. "ಚಿಕ್ಕಪ್ಪ, ಈಗ ಅದೇ ನಡೀತಿರೋದು" ಎನ್ನುತ್ತಿದ್ದ. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಗಾಡಿಯ ಕಪ್ಪು ಸೀಟಿನ ಮೇಲೆ ಕೂರುವವನಿಗೆ ಬೇರೆ ಒಲೆ ಬೇಡ. ಕಾಯಿದೆಯೂ ಒಂದುಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ರಚನೆಯನ್ನು ಮನಬಂದಂತೆ ಮಾರ್ಪಡಿಸಬಾರದೆನ್ನುತ್ತದೆ; 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಿಸಬಹುದು, ಆದರೆ ನೋಂದಣಿ ಪತ್ರದಲ್ಲಿ ಬರೆಸಬೇಕು. ಅಣ್ಣ ಬರೆಸಿರಲಿಲ್ಲ. ಹಾಗಾಗಿ ಕಾಗದದ ಪಾಠವೂ ಕಬ್ಬಿಣದ ಪಾಠವೂ ನೀಲಿಯೆಂದೇ ಸಾರುತ್ತಿದ್ದವು. ಕೆನೆಬಣ್ಣ ಪ್ರಕ್ಷಿಪ್ತ. ಆದರೆ ಓದುಗರೇ, ನಮ್ಮ ಮನೆಯಲ್ಲಿ ಎಲ್ಲರೂ ಓದಿ ಬೆಳೆದದ್ದು ಆ ಪ್ರಕ್ಷಿಪ್ತವನ್ನೇ. ಅದನ್ನು ಪೂರ್ತಿಯಾಗಿ ಉಜ್ಜಿಹಾಕಲು ನನಗೆ ಮನಸ್ಸು ಬರದೆ ನಾಲ್ಕು ದಿನ ಕೆಲಸ ನಿಂತಿತು.

ದಸರೆಯ ರಜೆಗೆ ಹುಡುಗ ಬಂದ. ಅವನ ತಾಯಿ ಬಾಗಿಲು ತೋರಿಸಿದರು, ಕಥೆ ಹೇಳಿದರು. ಅವನು ಏನೂ ಅನ್ನದೆ ಬಕೆಟ್ಟು ಎಳೆದುಕೊಂಡು ಕೂತು ಆ ಬಾಗಿಲನ್ನು ಎರಡು ದಿನ ತಾನೇ ಉಜ್ಜಿದ. ಡೊಂಕನ್ನು ಬಡಿದು ನೆಟ್ಟಗೆ ಮಾಡಹೋದರೆ ಅನುಭವವಿಲ್ಲದ ಕೈಗೆ ತಗಡು ಹಿಗ್ಗಿ ಮತ್ತೂ ಕೆಡುತ್ತದೆ. ಒಳಗಿನ ಕಾರಣ ಬೇರೆಯೇ ಇತ್ತೆನ್ನಿ. ಅಂತೂ ಅದನ್ನು ಹಾಗೆಯೇ ಬಿಟ್ಟು ಹೊಸ ಪಟ್ಟಿ ತುಂಬಿದೆವು. ಪಟ್ಟಿ ನೀರು ಹೀರುತ್ತದೆ, ಬರಿಯ ಕಬ್ಬಿಣ ರಾತ್ರಿ ಕಳೆಯುವುದರಲ್ಲಿ ಕೆಂಪಾಗುತ್ತದೆ. ಎರಡನ್ನೂ ಚೆನ್ನಾಗಿ ಒಣಗಿಸಿ ಅಂದೇ ಪ್ರೈಮರ್ ಹೊಡೆಯಬೇಕು. ತುಕ್ಕಿನ ಕಲೆಗಳಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಸವರಿದರೆ ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ.

ಬಣ್ಣಕ್ಕೆ ನಾವು ಹಳೆಯ ಪದ್ಧತಿಯ ಎನ್‌ಸಿ ಪೇಂಟನ್ನೇ ಆರಿಸಿದೆವು. ಈಗಿನ ಎರಡು ಡಬ್ಬಿ ಬೆರೆಸುವ ಬಣ್ಣ ಹೆಚ್ಚು ಕಾಲ ಬಾಳುತ್ತದೆ, ನಿಜ; ಆದರೆ ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇದೆ. ಶುದ್ಧಗಾಳಿಯ ಮುಖವಾಡವಿಲ್ಲದೆ ಅದನ್ನು ಸಿಂಪಡಿಸಿದರೆ ಉಬ್ಬಸ ಗ್ಯಾರಂಟಿಯೆಂದೇ ತಿಳಿಯಿರಿ. ಮನೆಯಂಗಳದ ಕೆಲಸ ಅದಲ್ಲ. ನೆಲಕ್ಕೆ ನೀರು ಚಿಮುಕಿಸಿ, ಧೂಳು ಕೂರಿಸಿ, ಗಾಳಿ ಏಳುವ ಮುನ್ನ ಬೆಳಗಿನ ಆರು ಗಂಟೆಗೆ ಆರಂಭಿಸುತ್ತಿದ್ದೆವು. ಬಿಸಿಲೇರಿದ ಮೇಲೆ ಹೊಡೆದರೆ ಬಣ್ಣ ಗಾಡಿಯನ್ನು ಮುಟ್ಟುವ ಮೊದಲೇ ಒಣಗಿ ಮರಳಿನಂತೆ ಕೂರುತ್ತದೆ. ಬಾನೆಟ್ಟಿನ ಮೇಲೆ ನಾನು ಒಂದೇ ಸಲಕ್ಕೆ ದಪ್ಪ ಹೊಡೆದು ಬಣ್ಣ ಕಣ್ಣೀರಿನಂತೆ ಇಳಿಯಿತು. ಒಣಗಿಸಿ, ಉಜ್ಜಿ, ಮತ್ತೆ ಹೊಡೆದದ್ದು ಮೂರು ಸಲ. ಮೂರನೆಯ ಸಲದ್ದು ಪರವಾಗಿಲ್ಲ.

ಹೊರಗೆಲ್ಲ ನೀಲಿ. ಎಡ ಹಿಂಬಾಗಿಲನ್ನು ತೆರೆದರೆ ಚೌಕಟ್ಟಿನ ಒಳಮೈಯಲ್ಲಿ ಅಂಗೈಯಗಲ ಕೆನೆಬಣ್ಣ ಉಳಿದಿದೆ. ಟೇಪು ಅಂಟಿಸಿ ಅದನ್ನು ಮುಚ್ಚಿಟ್ಟವನು ಹುಡುಗ. ಸೀಟಿಗೆ ಕೈಮಗ್ಗದ ದಪ್ಪ ಹತ್ತಿಬಟ್ಟೆ ಹೊಲಿಸಿದೆವು. ಹಿಂಗಾಜಿನ ಕೆಳಗಿನ ಹಲಗೆಯ ಮೇಲೆ ಅತ್ತಿಗೆ ಚಳ್ಳಕೆರೆಯ ಕರಿಕಂಬಳಿಯ ತುಂಡೊಂದನ್ನು ಮಡಿಸಿ ಹಾಸಿದರು. ಕಂಬಳಿ ಚುಚ್ಚುತ್ತದೆ, ಆದರೆ ಅಲ್ಲಿ ಕೂರುವವರು ಯಾರೂ ಇಲ್ಲ. ಬೀಡಿಂಗಿಗೂ ದೀಪದ ಗಾಜಿಗೂ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಹುಡುಗನೇ ಸುತ್ತಿದ. ಕಪ್ಪು ಬಣ್ಣದ ಮಾತನ್ನು ಅವನು ಬಿಟ್ಟಿದ್ದಾನೆ. ಚಕ್ರದ ಮಾತನ್ನು ಬಿಟ್ಟಿಲ್ಲ.

ಚಿತ್ರದುರ್ಗದ ಸಾರಿಗೆ ಕಚೇರಿಗೆ ತೋರಿಸಿ ನೋಂದಣಿ ನವೀಕರಿಸಬೇಕಾಗಿದೆ. ಹಿಂದಿನ ಬಂಪರು ಮೆರುಗು ಹಾಕಿಸಲು ಬಳ್ಳಾರಿಗೆ ಹೋದದ್ದು ಇನ್ನೂ ಬಂದಿಲ್ಲ. ಬರುವ ವಾರ ಎಂದು ಅಂಗಡಿಯವನು ಎರಡು ತಿಂಗಳಿಂದ ಹೇಳುತ್ತಿದ್ದಾನೆ. ಅತ್ತಿಗೆ ಮಾತ್ರ ಕಾಯುವವರಲ್ಲ. ಕಳೆದ ಭಾನುವಾರ ಬಂಪರಿಲ್ಲದ ಗಾಡಿಯಲ್ಲೇ ಎಡಗಡೆ ಹಿಂದಿನ ಸೀಟಿನಲ್ಲಿ ಕೂತು, "ರಸ್ತೆಗಲ್ಲ, ಹಿತ್ತಿಲಿಂದ ಬಾಗ್ಲ ತನಕ ಬಿಡು, ಸಾಕು" ಎಂದರು. ಬಿಟ್ಟೆ.